ಮಾತಿಗೊಂದು ವಿಮೆ

ಹುಕ್ಕೇರಿಯ ಶಾಲೆಯೊಂದರ ಅಂಗಳ. ಆಗಷ್ಟೇ ಬೆಳಕು ಹರಿಯುತ್ತಿದೆ. ಬೇವಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತ ನಿಜಾಮಸಾಬ ಸಲಿಕೆಯಿಂದ ಮಣ್ಣು ಸರಿಸುತ್ತಿದ್ದಾರೆ. ಬೇರು ಕಂಡ ಮೇಲೆ ಕೊಡತಿಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಮುಖ್ಯಾಧ್ಯಾಪಕರಿಗೆ ಬೇಕಾದದ್ದು ಒಂದೇ ಮಾತು: ಮರ ಇರಲೋ, ಹೋಗಲೋ? ಆ ಮಾತನ್ನು ನಿಜಾಮಸಾಬ ಬೇಗ ಹೇಳುವವರಲ್ಲ. ಕಳೆದ ವರ್ಷದಿಂದ, ಅಂದರೆ ೨೦೦೫ರ ಬೇಸಿಗೆಯಿಂದ, ಇನ್ನೂ ತಡ ಮಾಡುತ್ತಾರೆ.

ಗೋಕಾಕದ ನಿಜಾಮಸಾಬರಿಗೆ ಈಗ ಐವತ್ತೆರಡು. ಮೀಸೆ ಮೂಡುವ ಮೊದಲೇ ಮರ ಏರಿದವರು. ತಂತಿಗೆ ತಾಗುವ ಕೊಂಬೆ, ಮಾಡಿನ ಮೇಲೆ ವಾಲಿದ ರೆಂಬೆ ಕಡಿಯುವುದು ಕಸುಬು. ದಿನಕ್ಕೆ ಒಂದು ದೊಡ್ಡ ಮರ, ಇಲ್ಲವೇ ಸಣ್ಣವು ಮೂರು. ಮೂಡಲಗಿಯಲ್ಲಿ ಹಗ್ಗ ಜಾರಿದಾಗಿನಿಂದ ಎಡಗೈಯ ಎರಡು ಬೆರಳು ಮಡಚುವುದಿಲ್ಲ.

ಕಡಿದರೆ ಕೂಲಿ, ನೋಡಿ ಹೇಳಿದರೆ ಬರೀ ಚಹಾ. ಬಹಳ ವರ್ಷ ನಡೆದದ್ದು ಹೀಗೆ. ಆಮೇಲೆ ಸಕ್ಕರೆ ಕಾರ್ಖಾನೆಯೊಂದು ತನ್ನ ವಸತಿಗೃಹಗಳ ನಡುವಿನ ಮರಗಳನ್ನು ನೋಡಿ ಹೇಳಲು ಕರೆಯಿತು. ಜೊತೆಗೊಂದು ಷರತ್ತು: ಸಲಹೆ ತಪ್ಪಿ ಯಾರಿಗಾದರೂ ನಷ್ಟವಾದರೆ ತುಂಬಿಕೊಡುವ ವಿಮೆ ಇರಬೇಕು. ವೈದ್ಯರು, ಎಂಜಿನಿಯರರು ಮಾಡಿಸುವಂಥದ್ದು. ಗೋಕಾಕದ ವಿಮಾ ಏಜೆಂಟ್ ವರ್ಧಮಾನ ಬೆಳಗಾವಿಗೆ ಓಡಾಡಿ, ಹೀಗೂ ಒಂದು ಕಸುಬು ಉಂಟೆಂದು ಅಧಿಕಾರಿಗಳಿಗೆ ತಿಳಿಹೇಳಿ ಪಾಲಿಸಿ ತಂದರು. ನಿಜಾಮಸಾಬರ ಹೆಂಡತಿ ಗುಡುಬಿಗೆ ಅದೇ ಚೇಷ್ಟೆಯ ವಸ್ತು. “ಗಿಡದಾಗಿಂದ ಬಿದ್ರ ಕಾಲಿಗೆ ವಿಮಾ ಇಲ್ಲ. ಬಾಯಿಗೆ ಮಾಡಿಸ್ಯಾರ ನಮ್ಮ ಸಾಹೇಬ್ರು.”

ಆ ಬಾಯಿ ತಪ್ಪಿದ್ದು ಕುಲಗೋಡದಲ್ಲಿ. ಅಲ್ಲಿನ ಕಬ್ಬು ಬೆಳೆಯುವ ರೈತ ಮಹಿಳೆ ಜಿನ್ನವ್ವ ದನದ ಕೊಟ್ಟಿಗೆಯ ಪಕ್ಕದ ಹುಣಸೆಮರ ತೋರಿಸಿದ್ದರು. ನಿಜಾಮಸಾಬ ಏರಿ, ಬಡಿದು ನೋಡಿ, ಹಣ ಪಡೆದು, ಮರ ಇರಲಿ ಎಂದಿದ್ದರು. ಬುಡದ ಸುತ್ತ ಒಟ್ಟಿದ್ದ ತಿಪ್ಪೆಯನ್ನು ಸರಿಸಿ ನೋಡಿರಲಿಲ್ಲ. ತಿಂಗಳೊಳಗೆ ಬಿರುಗಾಳಿಗೆ ಮರ ಕೊಟ್ಟಿಗೆಯ ಮೇಲೆ ಉರುಳಿತು. ಎರಡು ಎಮ್ಮೆ ಸತ್ತವು.

ಸುದ್ದಿ ಮುಟ್ಟಿದ್ದೇ ತಡ, ಸಿಕ್ಕ ಬಸ್ಸು ಹತ್ತಿ ಹೋದ ನಿಜಾಮಸಾಬ ನೆರೆದ ಮಂದಿಯ ನಡುವೆಯೇ ಜಿನ್ನವ್ವನ ಮುಂದೆ ನಿಂತರು. “ಅಕ್ಕಾರ, ತಪ್ಪು ನಂದು. ತಿಪ್ಪಿ ಸರಿಸಿ ನೋಡಬೇಕಿತ್ತು.”

ಸಂಜೆ ಇದನ್ನು ಕೇಳಿದ ವರ್ಧಮಾನ ತಲೆಯ ಮೇಲೆ ಕೈಹೊತ್ತು ಕುಳಿತರು. ವಿಮಾ ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳುವಂತಿಲ್ಲ. ಒಪ್ಪಿಕೊಂಡರೆ ಪರಿಹಾರವನ್ನೇ ನಿರಾಕರಿಸಬಹುದು.

“ಕಾಕಾ, ಒಂದ್ ದಿನ ಸುಮ್ನಿರಾಕ ಆಗಲಿಲ್ಲೇನ್ರಿ?”

“ಆಕಿ ಎಮ್ಮಿ ಮುಂದ ಕುಂತು ಅಳಾಕತ್ತಿದ್ಲು. ಸುಮ್ನ ಹೆಂಗ ನಿಂದರ್ಲಿ?”

ವಿಮೆ ಕೈಕೊಟ್ಟರೆ ಉಳಿದ ದಾರಿ ಒಂದೇ, ಎರಡು ಕೋಣೆಯ ಮನೆ ಮಾರಿ ಜಿನ್ನವ್ವನ ನಷ್ಟ ತುಂಬುವುದು. ಗುಡುಬಿ ಚೇಷ್ಟೆ ನಿಲ್ಲಿಸಿದರು. ನಿಜಾಮಸಾಬ ಯಾವ ಮರದ ಬಗ್ಗೆಯೂ ಬಾಯಿ ಬಿಡಲಿಲ್ಲ.

ಕೊನೆಗೆ ಕಂಪನಿಯ ಪರವಾಗಿ ನಷ್ಟ ಅಳೆಯುವ ಸರ್ವೇಯರ್ ಶಿದ್ಲಿಂಗಪ್ಪ ಕುಲಗೋಡಕ್ಕೆ ಬಂದರು. ಪಕ್ಕದಲ್ಲೇ ನಿಂತಿದ್ದ ನಿಜಾಮಸಾಬ ತಪ್ಪು ಒಪ್ಪಿಕೊಂಡದ್ದು ನಿಜವೇ ಎಂದು ಜಿನ್ನವ್ವನನ್ನು ಕೇಳಿದರು. ಹೌದೆಂದರೆ ನಿಜಾಮಸಾಬರ ಮನೆ ಹೋದೀತೆಂದು ಆಕೆಗೆ ಅಳುಕು, ಅವರತ್ತ ನೋಡಿದರು. “ಇದ್ದದ್ದು ಹೇಳ್ರಿ ಅಕ್ಕಾರ,” ಎಂದರು ನಿಜಾಮಸಾಬ. ಆಕೆ ಹೇಳಿದರು.

ಶಿದ್ಲಿಂಗಪ್ಪ ಉರುಳಿದ ಮರದ ಬೇರನ್ನು ಬೂಟಿನಿಂದ ಒತ್ತಿದರು. ಅದು ಪುಡಿಪುಡಿಯಾಯಿತು. “ಇವ್ರು ಒಪ್ಪಿದ್ರೂ ಅಷ್ಟ, ಒಪ್ಪದಿದ್ರೂ ಅಷ್ಟ. ಬೇರು ಕೊಳತೈತಿ, ನೋಡಿಲ್ಲ. ಅದು ಯಾರಿಗಿದ್ರೂ ಕಾಣತೈತಿ. ಇವ್ರ ಮಾತಿನಿಂದ ಕಂಪನಿಗೇನೂ ಲುಕ್ಸಾನ ಆಗಿಲ್ಲಂತ ಬರೀತೇನಿ.”

ಕಂಪನಿ ಆ ವರದಿಯನ್ನು ಒಪ್ಪಿ ಪರಿಹಾರ ಮಂಜೂರು ಮಾಡಿತು. ಸುದ್ದಿ ಕೇಳಿದ ರಾತ್ರಿ ತಾನು ಊಟಕ್ಕೂ ಏಳದೆ ನಿದ್ದೆ ಹೋದೆ ಎನ್ನುತ್ತಾರೆ ನಿಜಾಮಸಾಬ. ದೀಪಾವಳಿಗೆ ಮೊದಲೇ ಜಿನ್ನವ್ವನ ಹೊಸ ಕೊಟ್ಟಿಗೆಗೆ ತಗಡು ಬಿತ್ತು, ಎಮ್ಮೆಗಳೂ ಬಂದವು. ಪಕ್ಕದ ಬೇವಿನ ಮರ ನೋಡಲು ಆಕೆ ಮತ್ತೆ ಕರೆಸಿದ್ದು ನಿಜಾಮಸಾಬರನ್ನೇ. “ಬಾರೋ ನಿಜಾಮಣ್ಣಾ, ಈ ಸಲ ತಿಪ್ಪಿ ದೂರ ಹಾಕೇನಿ.”

ಈ ವರ್ಷ ಪಾಲಿಸಿ ಮುಂದುವರಿಸುವಾಗ ವರ್ಧಮಾನ ಒಂದು ಮಾತು ತೆಗೆದುಕೊಳ್ಳಲು ನೋಡಿದರು: ಇನ್ನು ಏನೇ ಆದರೂ ಮೊದಲು ತನಗೆ ಫೋನ್ ಮಾಡಬೇಕು. ನಿಜಾಮಸಾಬ ಅದಕ್ಕೆ ಹೇಳಿದ್ದು ಇಷ್ಟೇ:

“ಮಾಡತೇನಿ ತಮ್ಮಾ. ಬಸ್ ಸ್ಟ್ಯಾಂಡಿಂದ ಮಾಡತೇನಿ. ಲುಕ್ಸಾನ ಆದವರ ಮನಿಗೆ ಹೋಗಬ್ಯಾಡ ಅಂತ ಮಾತ್ರ ಅನಬ್ಯಾಡ.”