ಬೊಂಬೆ ಇಳಿದ ಮನೆ

ಕಟ್ಟುವ ಮನೆಗೆ ದೃಷ್ಟಿ ತಾಗದಿರಲೆಂದು ಹುಲ್ಲಿನ ಬೊಂಬೆಯೊಂದನ್ನು ತೂಗುಹಾಕುತ್ತಾರಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಅಂಗಿ ತೊಡಿಸುವ ಕೆಲಸ ನನ್ನದಾಗಿತ್ತು. ನಮ್ಮ ಮನೆ ಎಂದೆನೇ? ನಮ್ಮದಲ್ಲ. ಅಪ್ಪ ಗೌಂಡಿ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು ಯಾರದೋ ಮನೆ ಕಟ್ಟುತ್ತ, ಅದು ಮುಗಿಯುವತನಕ ಅದರಲ್ಲೇ ನಮ್ಮನ್ನು ಇರಿಸಿಕೊಂಡವನು. ಬೊಂಬೆಗೆ ಅವನದೇ ಹಳೆಯ ಚೌಕಳಿ ಅಂಗಿ. ಅವ್ವ ಕೆಳಗೆ ನಿಂತು ನಗುತ್ತಿದ್ದಳು: “ನಿಮ್ಮಪ್ಪಗಿಂತ ಇದಽ ಚಂದ ಕಾಣಾಕತ್ತೈತಿ ನೋಡು. ಬೀಡಿನೂ ಸೇದಂಗಿಲ್ಲ.”

ಬಣ್ಣ ಬಳಿದು ಮುಗಿದ ದಿನ ಬೊಂಬೆಯನ್ನು ಇಳಿಸುತ್ತಿದ್ದರು. ಮರುದಿನ ನಾವು ಮುಂದಿನ ಮನೆಗೆ ಗಂಟುಮೂಟೆ ಕಟ್ಟುತ್ತಿದ್ದೆವು.

ಓದು ಮುಗಿಸಿ ನಾನು ಅದೇ ಊರಿನ ಗಾಜಿನ ಕಟ್ಟಡವೊಂದರಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಅಪ್ಪ ಇರಲಿಲ್ಲ. ನನ್ನ ಕೆಲಸ ಒಂದು ವಿಡಿಯೋ ಗೇಮಿನದು. ಆಡುವವರು ಅದರೊಳಗೆ ತಾವೇ ಮನೆ, ಬೀದಿ, ಊರು ಕಟ್ಟಿ ಎಲ್ಲರಿಗೂ ತೋರಿಸಬಹುದಿತ್ತು. ಕೆಟ್ಟದ್ದೇನಾದರೂ ಇದ್ದರೆ ಮಕ್ಕಳ ಕಣ್ಣಿಗೆ ಬೀಳುವ ಮೊದಲೇ ತಾನಾಗಿಯೇ ತೆಗೆದುಹಾಕುವ ಎಐ ಫಿಲ್ಟರ್ ಇತ್ತು. ಅದು ತಪ್ಪಿದಲ್ಲಿ ತಿದ್ದುವುದು ನಮ್ಮ ತಂಡದ ಪಾಲಿಗೆ.

ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಅರ್ಧ ಕಟ್ಟಿದ ಮನೆಯೊಂದು ಬಂತು. ಬಾಗಿಲಿಲ್ಲ, ಕಬ್ಬಿಣದ ಸರಳುಗಳು ಮೇಲೆ ಚಾಚಿವೆ, ಮಹಡಿಯಿಂದ ಚೌಕಳಿ ಅಂಗಿಯ ಬೊಂಬೆ ತೂಗುತ್ತಿದೆ. ನೇಣು ಹಾಕಿಕೊಂಡ ಮನುಷ್ಯನೆಂದು ಫಿಲ್ಟರ್ ಅದನ್ನು ತೆಗೆದುಬಿಟ್ಟಿತ್ತು. ಕಟ್ಟಿದವರು ಯಾರೋ, ತೆಗೆದಂತೆಲ್ಲ ಮತ್ತೆ ಹಾಕುತ್ತಿದ್ದರು. ಇನ್ನೊಮ್ಮೆ ಹಾಕಿದರೆ ಅವರ ಖಾತೆಯೇ ಮುಚ್ಚಿ, ಕಟ್ಟಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅವರ ತಕರಾರು ತೆಲುಗಿನಲ್ಲಿ ಒಂದೇ ಸಾಲು: ಮನೆ ಇನ್ನೂ ಮುಗಿದಿಲ್ಲ, ಬೊಂಬೆ ಇಲ್ಲದೆ ಹೇಗೆ ಬಿಡಲಿ?

ಆ ಮನೆಯೊಳಗೆ ಬಹಳ ಹೊತ್ತು ಅಡ್ಡಾಡಿದೆ. ಅವ್ವನಾದರೆ ಒಲೆ ಎಲ್ಲಿ ಹೂಡುತ್ತಿದ್ದಳೆಂದು ಮೂಲೆ ಹುಡುಕಿದೆ. ಈ ಮನೆಯನ್ನು ಅಳಿಸಗೊಡಬಾರದು ಎನಿಸಿತು.

ನಮ್ಮ ತಂಡದ ಮುಖ್ಯಸ್ಥರು ಮಂಗಳೂರಿನವರು. ಬೊಂಬೆಯನ್ನು ಬಿಡೋಣವೇ ಎಂದು ಅವರನ್ನು ಕೇಳಿದೆ. “ಬೊಂಬೆ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಫಿಲ್ಟರ್ ಸಡಿಲ ಬಿಟ್ಟು ನಾಳೆ ಯಾರಾದ್ರೂ ನಿಜವಾಗಿ ನೇಣಿನದ್ದೇ ಹಾಕಿದ್ರೆ? ಅದನ್ನು ನೋಡಿದ ಮಕ್ಕಳ ಗತಿ?”

“ಎರಡನ್ನೂ ಬ್ಯಾರೆ ಮಾಡಿ ನೋಡಾಕ ಅದಕ್ಕ ಕಲಸೂಣ್ರಿ.”

“ಕಲಿಸ್ಲಿಕ್ಕೆ ಚಿತ್ರ ಬೇಕಲ್ಲ? ಸಾಕಷ್ಟು ತಗೊಂಡು ಬಾ, ನೋಡುವ.”

ಚಿತ್ರಕ್ಕೇನು ಬರವೇ? ಆಫೀಸಿನ ಸುತ್ತ ಎತ್ತ ನೋಡಿದರೂ ಕಟ್ಟಡಗಳು ಏಳುತ್ತಿದ್ದ ಕಾಲ. ಊಟದ ಹೊತ್ತಿನಲ್ಲಿ ಫೋನ್ ಹಿಡಿದು ಹೊರಟೆ. ಗಡಿಗೆ ತಲೆಯ ಬೊಂಬೆ, ಮೀಸೆಯ ಬೊಂಬೆ, ಜೀನ್ಸ್ ತೊಟ್ಟ ಬೊಂಬೆ. ಒಂದು ಕಡೆ ಮರಳಿನ ಬುಟ್ಟಿ ಹೊತ್ತವಳು ಪಕ್ಕದವಳಿಗೆ ಕನ್ನಡದಲ್ಲೇ ಅಂದಳು: “ಈ ಮೇಡಂಗ ಏನಾಗೈತಿ? ಬೊಂಬಿಗೂ ಆಧಾರ್ ಕಾರ್ಡ್ ಮಾಡಸ್ತಾಳೇನ?”

“ಹೂನ್ರಿ ಅಕ್ಕಾ, ಆದ್ರ ಅದರ ಹೆಬ್ಬಟ್ಟು ಮೂಡವಲ್ದು,” ಎಂದೆ.

ಬುಟ್ಟಿ ಇಳಿಸಿ ಬಿದ್ದು ಬಿದ್ದು ನಕ್ಕಳು. “ಅಯ್ಯ, ನಮ್ಮಾಕಿ! ಯಾವೂರವ್ವಾ ತಂಗಿ?”

ಊರಿನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣು ಮಾತ್ರ ಮೆಟ್ಟಿಲ ಕೆಳಗಿನ ಮೂರು ಕಲ್ಲಿನ ಒಲೆಯ ಮೇಲಿತ್ತು. “ಇಂಥಾದ್ರಾಗಽ ಬೆಳದಾಕಿ ಅಕ್ಕಾ.”

“ಹಂಗಿದ್ರ ಹೊರಗ್ಯಾಕ ನಿಂತಿ? ಒಳಗ ಬಾ, ಚಾ ಕುಡಿ,” ಎಂದಳು. ಇಡೀ ಕಟ್ಟಡ ತನ್ನದೇ ಎಂಬಂತೆ. ಅವ್ವನೂ ಹಾಗೆಯೇ ಕರೆಯುತ್ತಿದ್ದಳು.

ಆ ಚಿತ್ರಗಳಿಂದ ಫಿಲ್ಟರ್ ಕಲಿಯಿತು. ಹುಲ್ಲಿನ ಕೈ, ಗಡಿಗೆಯ ತಲೆ, ಹಿಂದೆ ಮುಗಿಯದ ಗೋಡೆ ಕಂಡರೆ ತಾನೇ ತೆಗೆದುಹಾಕದೆ ನಮ್ಮ ಮುಂದಿಡತೊಡಗಿತು. ಬಿಡುವುದೋ ತೆಗೆಯುವುದೋ ಎಂದು ನಾವು ಕಣ್ಣಾರೆ ನೋಡಿ ಹೇಳಬೇಕು. ಮುಖ್ಯಸ್ಥರು ಒಪ್ಪಿದರು. ಆ ಮನೆ ಮರಳಿ ಬಂತು, ಬೊಂಬೆಯ ಸಮೇತ.

ಆಮೇಲೆ ಚಹದ ಬಿಡುವಿನಲ್ಲೆಲ್ಲ ಅಲ್ಲಿಗೆ ಹೋಗಿ ಬರುವುದು ರೂಢಿಯಾಯಿತು. ಕಿಟಕಿ ಬಂದವು. ಸಿಮೆಂಟು ಮೆತ್ತಿ ಗಿಲಾಯಿ ಆಯಿತು. ಒಂದು ದಿನ ಹೋದರೆ ಗೋಡೆಗೆ ತಿಳಿಹಸಿರು ಬಣ್ಣ, ಬೊಂಬೆ ಇಲ್ಲ. ಕಟ್ಟಿದವರಿಗೆ ಎಷ್ಟು ಸಂತೋಷವಾಗಿತ್ತೋ!

ಬಾಗಿಲೂ ಬಂದಿತ್ತು, ಮುಚ್ಚಿತ್ತು. ಆಟದಲ್ಲಿ ಗುಂಡಿ ಒತ್ತಿದರೆ ತೆರೆಯುತ್ತದೆ. ಒತ್ತಲಿಲ್ಲ. ಮನೆ ಬಿಡುವ ದಿನ ಅಪ್ಪ ಕೊನೆಯ ಸಲ ಗೋಡೆ ಸವರಿ ಬರುವತನಕ ಅವ್ವನ ಜೊತೆ ನಾನು ನಿಲ್ಲುತ್ತಿದ್ದ ಹಾಗೆ, ಹೊರಗೇ ನಿಂತುಕೊಂಡೆ.