ನೋಟಕ್ಕೊಂದು ಕಾಳು

ನನ್ನ ತಮ್ಮನಿಗೆ ಆಗ ನಾಲ್ಕು ವರ್ಷ. ಕರೆದರೆ ತಿರುಗುತ್ತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಿರುಗುವ ರಾಟೆ ಕಂಡರೆ ಮಾತ್ರ ಊಟ ಮರೆಯುತ್ತಿದ್ದ. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಅಂಥ ಮಕ್ಕಳಿಗಿದ್ದ ಔಷಧ ಒಂದೇ, ಏಟು. ‘ದಂಡಂ ದಶಗುಣಂ’ ಎನ್ನುತ್ತ ಅಪ್ಪ ಮಗ್ಗದಿಂದ ಎದ್ದು ಬಂದು ಬಾರಿಸುತ್ತಿದ್ದ. ಒಮ್ಮೆ ರೇಷ್ಮೆ ಎಳೆ ಕಿತ್ತನೆಂದು ತುಟಿ ಸೀಳುವ ಹಾಗೆ ಹೊಡೆದ. ಆ ಕೈ ಮುರಿದುಹೋಗಲಿ ಎಂದು ನಾನು ಶಪಿಸುತ್ತಿದ್ದೆ. ಆ ಸಿಟ್ಟು ಈಗಲೂ ಆರಿಲ್ಲ.

ಬೆಂಗಳೂರಿನ ಆಸ್ಪತ್ರೆಯವರು ಅದನ್ನು ಆಟಿಸಂ ಎಂದರು. ಅಲ್ಲಿಂದ ಒಬ್ಬ ಹೆಂಗಸು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ತಮ್ಮನ ಜೊತೆ ನೆಲದ ಮೇಲೆ ಕೂತು ಆಡುತ್ತಿದ್ದರು. ನಮಗೆ ಅವರು ಟೀಚರಮ್ಮ. ರಾಟೆ ತಿರುಗಿಸಿ ತಟ್ಟನೆ ನಿಲ್ಲಿಸುವರು; ಮುಂದೇನು ಎಂದು ಅವನು ಅವರ ಮುಖ ನೋಡಿದರೆ ಅಮ್ಮ ಚೊಂಬಿಗೊಂದು ಅವರೆಕಾಳು ಹಾಕಬೇಕು. ಅವರಿಲ್ಲದ ದಿನ ನಮ್ಮ ಮುಖ ನೋಡಿದರೂ ಒಂದು ಕಾಳು. ಅವನಿಗೂ ನಮಗೂ ನಂಟು ಎಷ್ಟು ಬೆಳೆಯಿತೆಂದು ಅಳೆಯುತ್ತಿದ್ದದ್ದು ಹಾಗೆ. ವಾರ ಕಳೆದರೂ ಚೊಂಬಿನ ತಳವೇ ಮುಚ್ಚುತ್ತಿರಲಿಲ್ಲ. ಹೀಗೇ ಆದರೆ ಆಸ್ಪತ್ರೆಯವರು ತನ್ನನ್ನು ಇಲ್ಲಿಗೆ ಕಳಿಸುವುದು ನಿಲ್ಲಿಸಿ ಬೇರೆ ಮಗುವಿನ ಮನೆಗೆ ಕಳಿಸಬಹುದು ಎಂದು ಟೀಚರಮ್ಮ ಹೇಳಿದಾಗ ಅಮ್ಮ ಅತ್ತೇಬಿಟ್ಟಳು.

ಆ ವಾರ ಅಮ್ಮ ತೂಬಗೆರೆಯ ತವರಿಗೆ ಹೋಗಬೇಕಾಯಿತು. ಚೊಂಬು ಅಪ್ಪನ ಕೈಗೆ ಬಂತು. ಕಪಾಳಕ್ಕೊಂದು ಬಿಗಿಯುವುದು, ಹುಡುಗ ಬೆಚ್ಚಿ ಮುಖ ನೋಡುವುದು, ಅಪ್ಪ ಕಾಳು ಹಾಕುವುದು. ಅಡ್ಡ ಹೋದ ನನಗೂ ಬಿತ್ತು. ಇದು ಮೋಸ ಎಂದು ಅಪ್ಪನಿಗೆ ಅನ್ನಿಸಲೇ ಇಲ್ಲ. ಟೀಚರಮ್ಮ ಬರುವುದು ತಪ್ಪಬಾರದೆಂಬ ಆಸೆ ಅವನಿಗೂ ಇತ್ತು.

ಅವರು ಬಂದ ದಿನವೇ ಅಮ್ಮನೂ ಬಂದಳು. ತುಂಬಿದ ಚೊಂಬು ನೋಡಿ ಟೀಚರಮ್ಮ ಹಿಗ್ಗಿ, ತಮ್ಮನ ತಲೆ ಸವರಲು ಕೈ ಎತ್ತಿದರು. ಅವನು ಎರಡೂ ಕೈಯಲ್ಲಿ ಕೆನ್ನೆ ಮುಚ್ಚಿಕೊಂಡು ಗೋಡೆಗೆ ಒತ್ತಿ ಕೂತು ಅವರನ್ನೇ ದಿಟ್ಟಿಸಿದ. ಚಡ್ಡಿ ಒದ್ದೆಯಾಗಿ ಉಚ್ಚೆ ನೆಲದ ಮೇಲೆ ಹರಿಯಿತು.

‘ನೋಡಿದ್ನಲ್ಲ ಅಮ್ಮಾವ್ರೆ, ಅದಕ್ಕೂ ಒಂದು ಹಾಕ್ಕೊಳಿ,’ ಅಂದ ಅಪ್ಪ.

ಟೀಚರಮ್ಮ ಎತ್ತಿದ ಕೈ ಕೆಳಗಿಳಿಸಿದರು. ಅಮ್ಮ ತಮ್ಮನ ಕೈ ಬಿಡಿಸಿ ಊದಿದ ಕೆನ್ನೆ ನೋಡಿದಳು, ನನ್ನನ್ನು ಕೇಳಿದಳು, ನಾನು ಎಲ್ಲ ಹೇಳಿದೆ. ಎಂದೂ ಗಂಡನಿಗೆ ಎದುರಾಡದ ನನ್ನಮ್ಮ ಎದ್ದು ಹೋಗಿ, ಪರರ ಮುಂದೆ, ಅಪ್ಪನ ಕಪಾಳಕ್ಕೆ ಬಾರಿಸಿದಳು. ಅಪ್ಪ ಕಣ್ಣು ಮಿಟುಕಿಸದೆ ಅವಳನ್ನೇ ನೋಡಿದ.

‘ಈಗ ನೀವು ನನ್ನ ಮುಖ ನೋಡ್ತಾ ಇದ್ದೀರಲ್ಲ, ಇದಕ್ಕೂ ಒಂದು ಕಾಳು ಹಾಕ್ಲಾ?’ ಅಂದಳು.