ಬ್ರೇಕ್ ಬಿಟ್ಟರೆ ಜಿಗಿಯುವ ಕಾರು

ಸಾಯಿರಾ ಶಿಕ್ಷಕಿ, ಆದರೆ ಅವಳಿಗೆ ತನ್ನದೆನ್ನುವ ಶಾಲೆಯಿಲ್ಲ. ಎದ್ದು ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ತಾನೇ ಹೋಗಿ, ಹಾಸಿಗೆಯ ಪಕ್ಕದಲ್ಲೋ ಪಡಸಾಲೆಯಲ್ಲೋ ಕುಳಿತು ಅಕ್ಷರ ಕಲಿಸುವುದು, ಅವರ ಕೈಕಾಲು ಆಡಿಸುವುದು ಅವಳ ಕೆಲಸ. ಅಂಥ ಮನೆಗಳು ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಅವಳ ಎರಡೂ ಕಾಲುಗಳ ಶಕ್ತಿಯನ್ನು ಪೋಲಿಯೊ ಎಳೆತನದಲ್ಲೇ ಕಸಿದುಕೊಂಡಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ನಡೆಯುತ್ತಾಳೆ. ಹಳ್ಳಿಯವರು ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಅಕ್ಕೋರು’ ಎನ್ನುತ್ತಾರೆ.

ಸಂಗೊಳ್ಳಿಯ ಮನೆಯಲ್ಲಿ ಅವಳ ಜೊತೆಗೆ ತಾಯಿ ಜಮೀಲಾಬಿ, ತಮ್ಮ ಅಲ್ತಮಶ. ಅಲ್ತಮಶನದು ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ. ಸಾಯಿರಾ ಬಹಳ ವರ್ಷ ಮೂರು ಗಾಲಿಯ ಸ್ಕೂಟರಿನಲ್ಲೇ ಓಡಾಡಿದಳು. ಕಬ್ಬಿನ ಹಂಗಾಮಿನಲ್ಲಿ ಒಂದು ದಿನ, ಎರಡು ಟ್ರ್ಯಾಲಿ ಎಳೆದುಕೊಂಡು ಹೊರಟಿದ್ದ ಟ್ರ್ಯಾಕ್ಟರೊಂದರಿಂದ ಕಬ್ಬಿನ ಹೊರೆ ಜಾರಿ ಅವಳ ಸ್ಕೂಟರಿನ ಮುಂದೆಯೇ ಬಿತ್ತು. ಸ್ಕೂಟರು ಮಗುಚಿತು, ಭುಜ ಉಳುಕಿತು. ಅವತ್ತೇ ಕಾರು ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದಳು. ಗೇರು ತಾನೇ ಬದಲಾಗುವ ಹಳೆಯ ಸಣ್ಣ ಕಾರೊಂದು ಸಿಕ್ಕಿತು. ಕಾಲು ಬಳಸದೆ ಅದನ್ನು ಓಡಿಸುವಂತೆ ಮಾಡಿಕೊಡುವವರು ಬೇಕಿತ್ತು.

ಬೈಲಹೊಂಗಲದ ಹೊರಗೆ, ಕೃಷಿ ಮಾರುಕಟ್ಟೆಯ ಹತ್ತಿರ ಪರಶುವಿನ ಶೆಡ್ಡಿದೆ. ಜೀಪಿಗೆ ಹೊಸ ಬಾಡಿ ಕಟ್ಟುವುದು, ಗೂಡ್ಸ್ ಗಾಡಿಯನ್ನು ಐಸ್‌ಕ್ರೀಮ್ ಗಾಡಿ ಮಾಡುವುದು, ಮೆರವಣಿಗೆಗೆ ರಥದಂಥ ವಾಹನ ಮಾಡಿಕೊಡುವುದು, ಹೀಗೆ ಹೇಳಿದ ಆಕಾರಕ್ಕೆ ಗಾಡಿ ಕಟ್ಟುವುದರಲ್ಲಿ ಅವನಿಗೆ ಸುತ್ತಮುತ್ತ ಹೆಸರಿತ್ತು. ಕೈಯಿಂದ ಓಡಿಸುವ ಕಾರನ್ನು ಮಾತ್ರ ಅವನು ಮಾಡಿರಲಿಲ್ಲ. ಆದರೂ ಒಪ್ಪಿಕೊಂಡ.

“ಅಕ್ಕೋರ, ನೀವು ಕುಂತ್ರ ಗಾಡಿ ನಿಮ್ಮ ಮಾತು ಕೇಳಬೇಕು. ಹಂಗ ಮಾಡಿ ಕೊಡತೇನಿ.”

ಮಾಡಿಯೂ ಕೊಟ್ಟ. ಬಾಗಿಲಿನ ಕಡೆಗೆ ತಿರುಗುವ ಸೀಟು. ಸ್ಟೇರಿಂಗಿಗೆ ಬಲಗೈಯಲ್ಲಿ ಹಿಡಿದು ತಿರುಗಿಸಲು ಒಂದು ಗುಂಡು ಹಿಡಿ. ಎಡಗೈಗೆ ಒಂದು ಉದ್ದನೆಯ ಲಿವರ್: ಮುಂದಕ್ಕೆ ನೂಕಿದರೆ ಬ್ರೇಕು, ತನ್ನ ಕಡೆಗೆ ಎಳೆದುಕೊಂಡರೆ ಎಕ್ಸಲೇಟರ್. ಪರಶು ತಾನೇ ಕುಳಿತು ಮಾರುಕಟ್ಟೆ ಸುತ್ತ ಓಡಿಸಿ ತೋರಿಸಿದ. ಕಾರು ಎಣ್ಣೆ ಹಚ್ಚಿದ ಹಾಗೆ ಹೋಯಿತು.

ಲೈಸೆನ್ಸಿಗೆ ಮುಂಚೆ ಕಲಿಯಬೇಕಲ್ಲ, ಅಲ್ತಮಶ ಪಕ್ಕದಲ್ಲಿ ಕುಳಿತು ಕಲಿಸತೊಡಗಿದ. ಮೊದಮೊದಲು ಚೆನ್ನಾಗಿಯೇ ಇತ್ತು. ಒಂದು ಮುಂಜಾನೆ ಸಂಗೊಳ್ಳಿಯ ಹೊರಗಿನ ರಸ್ತೆಯಲ್ಲಿ ಆಡುಗಳ ಹಿಂಡು ಅಡ್ಡ ಬಂತು. ಹಿಂಡಿನ ಹಿಂದೆ ಅದೇ ಊರಿನ ಶಟ್ಟೆವ್ವ, ಕೈಯಲ್ಲಿ ಕೋಲು. ಸಾಯಿರಾ ಲಿವರನ್ನು ಜೋರಾಗಿ ಮುಂದಕ್ಕೆ ನೂಕಿದಳು. ಕಾರು ನಿಂತಿತು. ಶಟ್ಟೆವ್ವ ನಕ್ಕು ಆಡುಗಳನ್ನು ದಾಟಿಸಲು ಕಾರಿನ ಮುಂದೆ ಬಂದಳು. ಕಾರು ನಿಂತಿದೆಯಲ್ಲ ಎಂದು ಸಾಯಿರಾ ಲಿವರ್ ಮೇಲಿನ ಕೈ ಸಡಿಲಿಸಿದಳು. ಅಷ್ಟರಲ್ಲೇ ಕಾರು ಗುರ್ ಎಂದು ಮುಂದಕ್ಕೆ ಜಿಗಿಯಿತು.

ಅಲ್ತಮಶ ಸ್ಟೇರಿಂಗ್ ಹಿಡಿದು ಎಳೆದ. ಕಾರು ಶಟ್ಟೆವ್ವನ ಸೀರೆಯ ಸೆರಗನ್ನು ಸವರಿಕೊಂಡು ರಸ್ತೆಯಿಂದ ಇಳಿದು ಜಾಲಿಯ ಗಿಡಕ್ಕೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಶಟ್ಟೆವ್ವ ದಾರಿಯಲ್ಲೇ ಕುಕ್ಕರಿಸಿ ಕುಳಿತು, “ನೀರ ಕೊಡ್ರಿ” ಎಂದಳು. ಸಾಯಿರಾ ತನ್ನ ಬಾಟಲಿಯನ್ನು ಅಲ್ತಮಶನ ಕೈಯಲ್ಲಿ ಕೊಟ್ಟು ಕಳಿಸಿದಳು.

ಅವತ್ತಿನಿಂದ ಅವಳಿಗೆ ಒಂದೇ ಚಿಂತೆ. ತಪ್ಪು ಕಾರಿನದೋ, ತನ್ನದೋ? ಕೈ ಸಡಿಲಿಸುವಾಗ ನಾನೇ ಎಳೆದೆನೇ? ಊಟಕ್ಕೆ ಕುಳಿತಾಗಲೂ ಎಡಗೈಯನ್ನು ಮುಂದೆ ಚಾಚಿ, ಹಿಂದೆ ತಂದು ನೋಡುತ್ತಿದ್ದಳು. ಜಮೀಲಾಬಿ ಅದನ್ನು ನೋಡಿದರೂ ನೋಡದವರ ಹಾಗಿದ್ದು, ಕಡೆಗೊಂದು ದಿನ ಹೇಳಿದರು.

“ಬ್ಯಾಡ ಬೇಟಿ, ಮಾರಿಬಿಡು ಆ ಗಾಡಿ. ನೀ ಬರೂತನಕ ನಾ ಬಾಗಲದಾಗ ಕುಂತು ದಾರಿ ನೋಡೋದು ಇನ್ನ ಆಗೂದಿಲ್ಲ.”

ಅಲ್ತಮಶನದು ಬೇರೆಯೇ ಮಾತು. ಬೆಳಗಾವಿಯಲ್ಲಿ ದೊಡ್ಡ ಗ್ಯಾರೇಜಿದೆ, ಅಲ್ಲಿಗೆ ಒಯ್ದು ಪರಶು ಮಾಡಿದ್ದನ್ನೆಲ್ಲ ಕಿತ್ತು ಹೊಸದು ಹಾಕಿಸೋಣ, ಆಮೇಲೆ ಗ್ರಾಹಕರ ಕೋರ್ಟಿಗೆ ಹೋಗೋಣ ಎಂದ. ಸಾಯಿರಾ ಒಪ್ಪಲಿಲ್ಲ.

“ಮಾಡಿದಾಂವಗ ಮೊದಲ ಹೇಳಬೇಕೋ. ಒಮ್ಮಿ ಬ್ಯಾರೇದಾಂವ ಕೈ ಹಾಕಿದಂದ್ರ ತಪ್ಪು ಯಾರದು ಅಂತ ಯಾರಿಗೂ ಗೊತ್ತಾಗೂದಿಲ್ಲ. ಅದರಾಗ ಏನೇನ ಹಾಕ್ಯಾನ ಅಂತ ಪರಶಣ್ಣಗ ಗೊತ್ತು. ಅಂವಗ ಒಂದು ಅವಕಾಶ ಕೊಡೂಣು.”

“ಅವಕಾಶ ಕೊಡಾಕ ಅದೇನ ಮೊಬೈಲ್ ಏನ್ ಆಪಾ? ಜೀವದ ಮಾತು ಇದು.”

ತಾನು ಹೇಳಿದ್ದು ನ್ಯಾಯವೋ ಮೊಂಡುತನವೋ ಎಂದು ಸಾಯಿರಾಳಿಗೇ ಅನುಮಾನವಿತ್ತು. ಆದರೂ ಕಾರನ್ನು ಪರಶುವಿನ ಶೆಡ್ಡಿಗೇ ಕಳಿಸಿದಳು.

ಪರಶು ನೋಡಿದ. ಲಿವರನ್ನು ಮೂಲ ಜಾಗಕ್ಕೆ ಎಳೆಯುವ ಸ್ಪ್ರಿಂಗ್ ಸಡಿಲವಾಗಿದೆ, ಎಕ್ಸಲೇಟರಿನ ವಾಯರು ಸಿಕ್ಕಿಕೊಳ್ಳುತ್ತಿದೆ ಎಂದ. ಎರಡನ್ನೂ ಬದಲಿಸಿದ. ಜಾಲಿಯ ಗಿಡಕ್ಕೆ ಬಡಿದು ನಗ್ಗಿಹೋಗಿದ್ದ ಬಂಪರನ್ನೂ ತಾನಾಗಿ ಸರಿಮಾಡಿದ. ವಾರದ ರಜೆ ದಿನ, ಮಾರುಕಟ್ಟೆಯ ಅಂಗಳ ಖಾಲಿಯಿದ್ದಾಗ ಸಾಯಿರಾಳನ್ನು ಕರೆಸಿದ. ಮೊದಲು ತಾನು ಓಡಿಸಿದ. ಮತ್ತೆ ಮತ್ತೆ ಬ್ರೇಕ್ ಹಾಕಿ ಬಿಟ್ಟು ತೋರಿಸಿದ. ಕಾರು ಸಾಧು ಎತ್ತಿನಂತೆ ನಿಲ್ಲುತ್ತಿತ್ತು, ಹೊರಡುತ್ತಿತ್ತು.

ಆಮೇಲೆ ಸಾಯಿರಾ ಕುಳಿತಳು. ಅಂಗಳದ ಅರ್ಧದಷ್ಟು ಹೋಗಿ ಜೋರಾಗಿ ಬ್ರೇಕ್ ಹಾಕಿದಳು, ಬಿಟ್ಟಳು. ಕಾರು ಜಿಗಿದು ಖಾಲಿ ಚೀಲಗಳ ರಾಶಿಗೆ ನುಗ್ಗಿತು.

ಅಲ್ತಮಶ ಮೊಬೈಲಿನಲ್ಲಿ ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳುತ್ತಿದ್ದ. ವಿಡಿಯೊ ಮಾಡುತ್ತಲೇ ಪರಶುವಿನ ಮುಖದ ಹತ್ತಿರ ಮೊಬೈಲ್ ಹಿಡಿದ. “ಹೇಳ್ರಿ ಈಗ. ನಮ್ಮ ಅಕ್ಕನ್ನ ಕೊಲ್ಲಾಕ ಮಾಡೀರಿ ಏನ್ ಇದನ್ನ?”

ಪರಶುವಿನ ಮುಖ ಕಪ್ಪಿಟ್ಟಿತು. “ನಾ ಹೊಡದ್ರ ಸರಿ ಐತಲ್ರಿ. ನೀವ ನೋಡಿದ್ರಿ. ಅಕ್ಕೋರು ಗಾಬರಿ ಆಗಿ ಎಳದ್ರಂದ್ರ ನಾ ಏನ್ ಮಾಡ್ಲಿ?”

ಸಾಯಿರಾ ಮನೆಗೆ ಬಂದಳು. ಅವನ ಮಾತು ಅವಳ ಒಳಗಿನ ಚಿಂತೆಯ ಜಾಗಕ್ಕೇ ಸರಿಯಾಗಿ ತಾಗಿತ್ತು. ಹಾಗಾದರೆ ಗಾಡಿ ಸರಿಯಿದೆ, ಸರಿಯಿಲ್ಲದವಳು ತಾನು. ಆ ವಾರವೆಲ್ಲ ತಮ್ಮನ ಬೈಕಿನ ಹಿಂದೆ ಕುಳಿತು ಕೆಲಸಕ್ಕೆ ಹೋದಳು. ರಸ್ತೆಯಲ್ಲಿ ಯಾರಾದರೂ ಹೆಂಗಸು ಅಡ್ಡ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಪರಶುವಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಕಾರು ಅವನ ಶೆಡ್ಡಿನಲ್ಲೇ ಇತ್ತು.

ಆ ವಾರ ಅವಳು ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಹೋದಳು. ಅಲ್ಲಿ ಪ್ರಣಿತಾ ಎಂಬ ಹುಡುಗಿಗೆ ಅವಳ ಪಾಠ. ಪ್ರಣಿತಾಳಿಗೆ ತಾನಾಗಿ ಕೂರಲು ಬರುವುದಿಲ್ಲ. ಅವಳಿಗಾಗಿ ಸಾಯಿರಾ ಬಡಗಿಯಿಂದ ಒಂದು ಕುರ್ಚಿ ಮಾಡಿಸಿ, ಎದೆಗೂ ಸೊಂಟಕ್ಕೂ ಬಟ್ಟೆಯ ಪಟ್ಟಿ ಕಟ್ಟುವಂತೆ ಮಾಡಿದ್ದಳು. ಅವತ್ತು ಪ್ರಣಿತಾಳ ತಾಯಿ ಮಂಜುಳಾ ಪಟ್ಟಿಗಳನ್ನು ಒಗೆದು ಒಣಹಾಕಿದ್ದಳು. ಪಟ್ಟಿಯಿಲ್ಲದೆ ಕುಳಿತ ಹುಡುಗಿ ಮುಂದಿದ್ದ ಹಲಗೆಯನ್ನು ನೂಕಲು ಹೋದಳು, ಮೈಯೆಲ್ಲ ಮುಂದೆ ಬಾಗಿತು. ನೂಕುವುದನ್ನು ನಿಲ್ಲಿಸಿದ ಕೂಡಲೇ ಮೈ ಹಿಂದಕ್ಕೆ ಬಿತ್ತು. ಬೀಳುವಾಗ ಕೈಯಲ್ಲಿ ಹಿಡಿದಿದ್ದ ಹಲಗೆಯೂ ಅವಳ ಜೊತೆಗೇ ಬಂತು.

ಸಾಯಿರಾ ಪಾಠ ನಿಲ್ಲಿಸಿದಳು.

“ಇನ್ನೊಮ್ಮಿ ನೂಕು ನೋಡೂಣು, ಪ್ರಣಿತಾ.”

ಮತ್ತೆ ಹಾಗೆಯೇ ಆಯಿತು. ಕಾರಿನಲ್ಲಿ ತನಗಾಗುವುದೂ ಇದೇ ಎಂದು ಸಾಯಿರಾಳಿಗೆ ಹೊಳೆಯಿತು. ಜೋರಾಗಿ ಬ್ರೇಕ್ ಹಾಕಿದಾಗ ಉಳಿದವರು ಕಾಲು ಊರಿ ಮೈಯನ್ನು ತಡೆದುಕೊಳ್ಳುತ್ತಾರೆ. ತನ್ನ ಕಾಲು ತಡೆಯುವುದಿಲ್ಲ, ಮೈ ಮುಂದೆ ಜಾರುತ್ತದೆ. ಕಾರು ನಿಂತ ಮೇಲೆ ನೂಕುವುದನ್ನು ಬಿಟ್ಟೊಡನೆ ಮೈ ಹಿಂದಕ್ಕೆ ಬೀಳುತ್ತದೆ, ಲಿವರ್ ಹಿಡಿದ ಕೈ ಜೊತೆಗೇ ಬರುತ್ತದೆ. ಎಳೆದರೆ ಎಕ್ಸಲೇಟರ್. ಕಾರು ಜಿಗಿಯುತ್ತದೆ. ಪರಶುವಿನ ಕೈಯಲ್ಲಿ ಎಂದೂ ಜಿಗಿಯುವುದಿಲ್ಲ, ಏಕೆಂದರೆ ಅವನ ಕಾಲುಗಳು ನೆಲವನ್ನು ಒತ್ತಿಕೊಂಡಿರುತ್ತವೆ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದನ್ನು ಅವನಿಗೆ ಹೇಗೆ ಹೇಳುವುದು, ಹೇಳಿದರೆ ಕೇಳುತ್ತಾನೆಯೇ, ಕೇಳಿದರೂ ಮತ್ತೊಮ್ಮೆ ಅವನನ್ನು ನಂಬಿ ಆ ಸೀಟಿನಲ್ಲಿ ಕೂರಲು ತನ್ನಿಂದಾದೀತೇ ಎಂಬ ದಿಗಿಲು ದೇಗಾಂವದಿಂದ ಬೈಲಹೊಂಗಲದವರೆಗೂ ಅವಳನ್ನು ಬಿಡಲಿಲ್ಲ. ಅಲ್ತಮಶನಿಗೆ, “ಶೆಡ್ಡಿಗೆ ನಡಿ, ಆದ್ರ ನೀ ಮಾತಾಡಬ್ಯಾಡ” ಎಂದಳು.

ಬೈಕಿನಲ್ಲಿ ಇವರು ಬರುವುದನ್ನು ಕಂಡು ಪರಶು ಒಳಗೆ ಸರಿದ. ಅಲ್ತಮಶ ಆ ವಿಡಿಯೊವನ್ನು ಎಲ್ಲೆಡೆ ಹಂಚಿರುತ್ತಾನೆಂದು ಅವನು ಹೆದರಿದ್ದ. ಸಾಯಿರಾ ಊರುಗೋಲು ಊರುತ್ತ ಬಾಗಿಲಿಗೆ ಬಂದಳು.

“ಪರಶಣ್ಣ, ಜಗಳ ಆಡಾಕ ಬಂದಿಲ್ಲ. ಇವನ ಮೊಬೈಲನ್ಯಾಗ ಇದ್ದದ್ದು ಯಾರೂ ನೋಡಿಲ್ಲ. ನನಗ ಒಂದ ಕೆಲಸ ಮಾಡಿ ತೋರಸ್ರಿ. ಕಾಲು ಮಡಚಿ ಸೀಟಿನ ಮ್ಯಾಲ ಇಟ್ಕೊಂಡು ಗಾಡಿ ಹೊಡೀರಿ. ನಾ ಬಾಜೂಕ ಕುಂದರತೇನಿ.”

“ಕಾಲು ಮಡಚಿ ಅಂದ್ರ?”

“ಚಕ್ಕಳಮಕ್ಕಳ ಹಾಕ್ರಿ. ನೆಲಕ್ಕ ತಾಗಬಾರದು.”

ಅವನಿಗೆ ಅದು ಅವಮಾನದಂತೆ ಕಂಡಿರಬೇಕು. ಆದರೂ ಕೈ ಒರೆಸಿಕೊಂಡು ಬಂದು ಕುಳಿತ. ಸಾಯಿರಾ ಪಕ್ಕದಲ್ಲಿ ಕುಳಿತಳು. ತಾನು ಎಣಿಸಿದ್ದು ತಪ್ಪಾಗಿದ್ದರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಎಣಿಸಿದ್ದು ಸರಿಯಾಗಿದ್ದರೆ ಕಾರು ಈಗ ಜಿಗಿಯುತ್ತದೆ.

ಮಾರುಕಟ್ಟೆಯ ಅಂಗಳದಲ್ಲಿ ಕಾರು ನಿಧಾನವಾಗಿ ಹೋಯಿತು. “ಈಗ ಬ್ರೇಕ್ ಹಾಕ್ರಿ, ಜೋರಾಗಿ” ಎಂದಳು. ಪರಶು ನೂಕಿದ. ಅವನ ಮೈ ಜಾರಿ ಎದೆ ಸ್ಟೇರಿಂಗಿಗೆ ತಾಗಿತು. ಹಿಂದಕ್ಕೆ ಬಿದ್ದ. ಕಾರು ಗುರ್ ಎಂದು ನೆಗೆಯಿತು. ಅವನು ಗಾಬರಿಯಿಂದ ಮಡಚಿದ ಕಾಲು ಬಿಚ್ಚಿ ಕೆಳಗಿನ ಬ್ರೇಕನ್ನು ತುಳಿದ. ಕಾರು ಗೋಡೆಯ ಹತ್ತಿರ ನಿಂತಿತು.

ಪರಶು ಎಂಜಿನ್ ಆರಿಸಿ, ಲಿವರ್ ಮೇಲಿದ್ದ ತನ್ನ ಕೈಯನ್ನೇ ನೋಡುತ್ತ ಕುಳಿತ.

“ನನಗರೆ ತುಳೀಲಿಕ್ಕೆ ಕಾಲು ಇದ್ವು, ಅಕ್ಕೋರ” ಎಂದ ಕಡೆಗೆ. “ನಾ ನಿಮ್ಮ ಸಲುವಾಗಿ ಗಾಡಿ ಮಾಡಿಲ್ಲ. ನನ್ನ ಸಲುವಾಗಿ ಮಾಡೇನಿ. ನಿಮ್ಮನ್ನ ಒಮ್ಮಿನೂ ಕುಂದರಿಸಿ ನೋಡಲಿಲ್ಲ.”

“ಸರಿ ಮಾಡಾಕ ಆಕ್ಕೈತೇನು?”

“ಮಾಡತೇನಿ. ಆದ್ರ ಈ ಸಲ ಒಂದೊಂದು ತುಂಡು ಹಾಕೂವಾಗೂ ನೀವು ಬಂದು ಕುಂದರಬೇಕು. ನೀವು ಹೂಂ ಅನ್ನೂತನಕ ನಾ ವೆಲ್ಡಿಂಗ್ ಮಾಡೂದಿಲ್ಲ.”

ಅಲ್ತಮಶ ದಾರಿಯಲ್ಲಿ ಬಹಳ ಸಿಟ್ಟು ಮಾಡಿದ. ಒಮ್ಮೆ ಅವಕಾಶ ಕೊಟ್ಟದ್ದು ಸಾಲದೇ ಎಂದ. ಸಾಯಿರಾ, “ಮೊದಲನೇ ಸಲ ಏನ್ ಕೆಟ್ಟೈತಿ ಅಂತ ನಮಗ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನ ಅಂವಾ ಹೆಂಗ ಸರಿ ಮಾಡ್ಯಾನು?” ಎಂದಳು. ಹಾಗೆ ಹೇಳಿದರೂ ಅವಳಿಗೆ ಧೈರ್ಯ ಬಂದಿರಲಿಲ್ಲ. ಮರುದಿನದಿಂದ ಕೆಲಸ ಮುಗಿಸಿ ಶೆಡ್ಡಿಗೆ ಹೋಗುವಾಗಲೆಲ್ಲ, ಅವನು ಬೀಗ ಹಾಕಿ ಹೋಗಿರುತ್ತಾನೆ, ಅಥವಾ ಬೇರೆ ಕೆಲಸ ಬಂತೆಂದು ಕಾರನ್ನು ಮೂಲೆಗೆ ತಳ್ಳಿರುತ್ತಾನೆ ಎಂದು ಅಂದುಕೊಂಡೇ ಹೋಗುತ್ತಿದ್ದಳು. ಅಂದುಕೊಂಡದ್ದು ಒಂದು ಸಲ ನಿಜವೂ ಆಯಿತು. ರಾಮದುರ್ಗದ ಜೀಪೊಂದು ತುರ್ತಾಗಿ ಬಂದು, ಹಲವು ದಿನ ಅವಳ ಕಾರು ಬಾಗಿಲು ಬಿಚ್ಚಿಕೊಂಡೇ ನಿಂತಿತು. ಅಲ್ತಮಶ ಬೆಳಗಾವಿಯ ಗ್ಯಾರೇಜಿನ ನಂಬರು ಹುಡುಕಿಟ್ಟ. ಅವಳೂ ಬೇಡವೆನ್ನಲಿಲ್ಲ. ಮರುದಿನ ಪರಶುವೇ ಫೋನ್ ಮಾಡಿದ: “ಸೀಟು ತಯಾರ ಐತ್ರಿ. ಬರ್ರಿ.”

ಸೀಟಿನ ಎರಡೂ ಬದಿಗೆ ಮೆತ್ತೆಯ ಗೋಡೆಗಳು ಬಂದಿದ್ದವು, ಎದೆಗೆ ಅಗಲವಾದ ಬೆಲ್ಟು. ಲಿವರನ್ನು ಅವನು ಪೂರ್ತಿ ಹೊಸದಾಗಿ ಮಾಡಿದ್ದ. ಬ್ರೇಕಿಗೆ ಮುಂದಕ್ಕೆ ನೂಕುವುದು ಹಾಗೇ ಇತ್ತು. ಎಕ್ಸಲೇಟರಿಗೆ ಎಳೆಯುವುದು ಹೋಗಿ, ತೊಡೆಯ ಕಡೆಗೆ ಕೆಳಕ್ಕೆ ಒತ್ತುವುದು ಬಂದಿತ್ತು. ಮೈ ಹಿಂದಕ್ಕೆ ಬಿದ್ದರೂ ಕೈ ಕೆಳಕ್ಕೆ ಒತ್ತುವುದಿಲ್ಲ. ಅವಳು ಕುಳಿತಳು. ಮೊಣಕೈ ಮೆತ್ತೆಗೆ ತಾಗುತ್ತದೆ ಎಂದಳು. ಅವನು ಕತ್ತರಿಸಿದ. ಬೆಲ್ಟು ಕುತ್ತಿಗೆಗೆ ಬರುತ್ತದೆ ಎಂದಳು. ಅವನು ಕೊಂಡಿಯನ್ನು ಇಳಿಸಿದ. ಅವಳು ಹೂಂ ಎನ್ನಲು ಇನ್ನೂ ಕೆಲವು ಸಂಜೆಗಳು ಹಿಡಿದವು.

ಕಡೆಗೆ ಖಾಲಿ ಅಂಗಳದಲ್ಲಿ ಅವಳು ಕಾರು ಹೊರಡಿಸಿದಾಗ ಪರಶು ಪಕ್ಕದ ಸೀಟಿನಲ್ಲಿ ಕುಳಿತ. ಕುಳಿತವನು ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡ. ಅವಳು ಕೇಳಿರಲಿಲ್ಲ. ಬ್ರೇಕ್ ಹಾಕಿದಳು. ಮೈ ಬೆಲ್ಟಿಗೆ ತಾಗಿ ನಿಂತಿತು. ಕೈ ಬಿಡುವ ಮುಂಚೆ ಉಸಿರು ಹಿಡಿದಳು. ಬಿಟ್ಟಳು. ಕಾರು ಜಿಗಿಯಲಿಲ್ಲ. ಮತ್ತೆ ಮಾಡಿದಳು, ಇನ್ನೂ ಜೋರಾಗಿ. ಮತ್ತೆ. ಹೊತ್ತು ಇಳಿಯುವವರೆಗೂ ಮಾಡುತ್ತಲೇ ಇದ್ದಳು. ಪರಶು ಸಾಕೆನ್ನಲಿಲ್ಲ.

ಸಾರಿಗೆ ಇಲಾಖೆಯವರು ಕಾರನ್ನು ನೋಡಿ ಒಪ್ಪಿದರು, ಲೈಸೆನ್ಸೂ ಬಂತು. ಮೊದಲ ಬಾರಿ ಒಬ್ಬಳೇ ಹೊರಟ ದಿನ ಶಟ್ಟೆವ್ವ ಆಡುಗಳೊಂದಿಗೆ ಬದುವಿನ ಮೇಲೆ ದೂರ ನಿಂತಿದ್ದಳು, ರಸ್ತೆಗೆ ಇಳಿಯಲಿಲ್ಲ. ಸಾಯಿರಾಳಿಗೆ ಅದು ಚುಚ್ಚಿತು, ಆದರೆ ತಪ್ಪೆನಿಸಲಿಲ್ಲ. ಕಿತ್ತೂರಿನ ಹೆದ್ದಾರಿ ದಾಟುವಾಗ ಅವಳ ಅಂಗೈ ಬೆವರಿ, ದಾಟಿದ ಮೇಲೆ ಬದಿಗೆ ನಿಲ್ಲಿಸಿ ದುಪಟ್ಟಾದಿಂದ ಒರೆಸಿಕೊಳ್ಳಬೇಕಾಯಿತು. ಈಗಲೂ ಅವಳು ಬ್ರೇಕ್ ಬಿಡುವಾಗ ಒಂದು ಕ್ಷಣ ಕಾಯುತ್ತಾಳೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ.

ಕಳೆದ ಮಳೆಗಾಲದಲ್ಲಿ ಸವದತ್ತಿಯ ಒಬ್ಬರು ಪರಶುವಿನ ಶೆಡ್ಡಿಗೆ ಬಂದರು. ಕಾಡಪ್ಪ ಎಂದು ಹೆಸರು, ಯಂತ್ರಕ್ಕೆ ಸಿಕ್ಕಿ ಒಂದು ಕಾಲು ಕಳೆದುಕೊಂಡವರು. ಸಾಯಿರಾಳ ಕಾರಿನಂಥದೇ ಬೇಕೆಂದರು. ಪರಶು ಕೂಡಲೇ ಒಪ್ಪಿಕೊಳ್ಳಲಿಲ್ಲ. ಸಾಯಿರಾಳಿಗೆ ಫೋನ್ ಮಾಡಿದ.

“ಅಕ್ಕೋರ, ಒಂದೀಟ ಸವದತ್ತಿಗೆ ಬರತೀರೇನ್ರಿ? ನಾ ಕಬ್ಬಿಣಾ ಕತ್ತರಸೂಕಿಂತ ಮೊದಲ ಅವ್ರು ಹೆಂಗ ಕುಂದರತಾರ, ಎಲ್ಲಿ ಜಾರತಾರ, ನೀವು ಒಮ್ಮಿ ನೋಡಬೇಕು.”

ಮುಂದಿನ ರವಿವಾರ ಅವಳೇ ಕಾರು ಓಡಿಸಿಕೊಂಡು ಹೋದಳು. ಪರಶು ಪಕ್ಕದಲ್ಲಿ ಕುಳಿತಿದ್ದ, ಹಿಂದಿನ ಸೀಟಿನಲ್ಲಿ ಜಮೀಲಾಬಿ ತಸಬಿಯ ಮಣಿ ಎಣಿಸುತ್ತಿದ್ದರು. ಕಾಡಪ್ಪನವರ ಅಂಗಳದಲ್ಲಿ ಸಾಯಿರಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಯಿಂದ ತನ್ನ ಊರುಗೋಲನ್ನು ಮುಂದಕ್ಕೆ ನೂಕಲು ಹೇಳಿದಳು. ಪರಶು ನೆಲದ ಮೇಲೆ ಕುಳಿತು ಅವರ ಸೊಂಟವನ್ನೇ ನೋಡುತ್ತಿದ್ದ.